ಟ್ಯೂಬಿಂಗನ್‌ನಲ್ಲಿ ಎರಡು ಹಗಲು, ಒಂದು ರಾತ್ರಿ: ಹೊಸದಾಗಿ ಹೋಗುವವರಿಗೆ ಕೈಪಿಡಿ

ಜರ್ಮನಿಯ ಸ್ಟುಟ್‌ಗಾರ್ಟ್‌ನ ಸುತ್ತಮುತ್ತ ಕೆಲಸಕ್ಕಿರುವ ನಮ್ಮವರು ಊರಿನಿಂದ ಬಂದ ನೆಂಟರನ್ನು ಟ್ಯೂಬಿಂಗನ್‌ಗೆ ಕರೆದೊಯ್ಯುವ ಕ್ರಮ ಬಹುಮಟ್ಟಿಗೆ ಒಂದೇ. ಶನಿವಾರ ಊಟ ಮುಗಿಸಿ ರೈಲು ಹತ್ತುತ್ತಾರೆ, ನೆಕ್ಕರ್ ನದಿಯ ಸೇತುವೆಯ ಮೇಲೆ ನಿಂತು ಬಣ್ಣದ ಮನೆಗಳ ಸಾಲಿನ ಮುಂದೆ ಫೋಟೋ ತೆಗೆಯುತ್ತಾರೆ, ಕೋಟೆ ಹತ್ತಿ ಇಳಿಯುತ್ತಾರೆ, ಒಂದು ಐಸ್‌ಕ್ರೀಂ ತಿಂದು ಆರು ಗಂಟೆಯ ರೈಲಿಗೆ ಮರಳುತ್ತಾರೆ. ನಾನೂ ಮೊದಲ ಮೂರು ಸಲ ಹಾಗೆಯೇ ಹೋಗಿ ಬಂದವನು. ನಾಲ್ಕನೆಯ ಸಲ ಸಂಬಂಧಿಕರೊಬ್ಬರ ಮಗನನ್ನು ಅಲ್ಲಿನ ಹಾಸ್ಟೆಲಿಗೆ ಸೇರಿಸಲು ಹೋಗಿ ರಾತ್ರಿ ಉಳಿಯಬೇಕಾಯಿತು. ಪ್ರವಾಸಿಗಳ ಗುಂಪುಗಳು ಕರಗಿದ ಮೇಲೆ ಮೆಟ್ಟಿಲುಗಳ ಮೇಲೆ, ನದಿಯ ಗೋಡೆಯ ಮೇಲೆ, ಗಲ್ಲಿಗಳ ತಿರುವಿನಲ್ಲಿ ಊರಿನ ಜನರೇ ಬಂದು ಕೂತದ್ದನ್ನು ಕಂಡಾಗ, ಅದುವರೆಗೆ ನಾನು ಈ ಊರಿನ ಅರ್ಧವನ್ನಷ್ಟೇ ನೋಡಿದ್ದೆನೆಂದು ತಿಳಿಯಿತು. ಆದ್ದರಿಂದ ಈ ಕೈಪಿಡಿಯ ಮೊದಲ ಸಲಹೆ, ಇನ್ನೆಲ್ಲ ಸಲಹೆಗಳಿಗಿಂತ ಮುಖ್ಯವಾದದ್ದು, ಒಂದು ರಾತ್ರಿ ಅಲ್ಲೇ ಉಳಿಯಿರಿ ಎಂಬುದು.

ಊರು ಚಿಕ್ಕದು. ಸುಮಾರು 90 ಸಾವಿರ ಜನಸಂಖ್ಯೆ. ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ ಸುಮಾರು 28 ಸಾವಿರ. 1477ರಲ್ಲಿ ಕೌಂಟ್ ಎಬರ್‌ಹಾರ್ಡ್ ಸ್ಥಾಪಿಸಿದ ಆ ವಿಶ್ವವಿದ್ಯಾಲಯದ ಬಗ್ಗೆ ಸ್ಥಳೀಯರು ಹೇಳುವ ಮಾತೊಂದಿದೆ: ಟ್ಯೂಬಿಂಗನ್‌ನಲ್ಲಿ ವಿಶ್ವವಿದ್ಯಾಲಯ ಇಲ್ಲ, ಟ್ಯೂಬಿಂಗನ್ನೇ ವಿಶ್ವವಿದ್ಯಾಲಯ. ಎರಡನೆಯ ಮಹಾಯುದ್ಧದಲ್ಲಿ ಸ್ಟುಟ್‌ಗಾರ್ಟ್ ಪುಡಿಯಾದರೂ ಇಲ್ಲಿ ಬಿದ್ದ ಬಾಂಬುಗಳು ಕಡಿಮೆ. 1945ರ ಏಪ್ರಿಲ್‌ನಲ್ಲಿ ಊರು ಹೋರಾಟವಿಲ್ಲದೆ ಫ್ರೆಂಚ್ ಸೇನೆಯ ಕೈಸೇರಿತು. ಹಾಗಾಗಿ ನೀವು ಅಲ್ಲಿ ನೋಡುವ ಮರದ ಚೌಕಟ್ಟಿನ ಓರೆಯಾದ ಮನೆಗಳು ಬಹುಪಾಲು ಶತಮಾನಗಳಿಂದ ನಿಂತಲ್ಲೇ ನಿಂತಿರುವ ಮನೆಗಳು.

ಕನ್ನಡಿಗರಿಗೆ ಈ ಊರಿನೊಡನೆ ಹಳೆಯ ನಂಟಿದೆ ಎಂಬುದನ್ನು ಹೊರಡುವ ಮೊದಲೇ ತಿಳಿದಿದ್ದರೆ ನಡಿಗೆಗೆ ಬೇರೆಯೇ ಅರ್ಥ ಬರುತ್ತದೆ. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಅವರು ದೇವತಾಶಾಸ್ತ್ರ ಓದಿದ್ದು ಇಲ್ಲಿ, ಅವರ ಕನ್ನಡ ಸೇವೆಗಾಗಿ 1858ರಲ್ಲಿ ಡಾಕ್ಟರೇಟ್ ಕೊಟ್ಟದ್ದೂ ಇದೇ ವಿಶ್ವವಿದ್ಯಾಲಯ. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ನಮ್ಮ ಕೈಗಿತ್ತ ಫರ್ಡಿನಾಂಡ್ ಕಿಟೆಲ್ ಅವರಿಗೆ 1896ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟದ್ದೂ ಇದೇ. ಕಿಟೆಲ್ ತಮ್ಮ ಕೊನೆಯ ವರ್ಷಗಳನ್ನು ಈ ಊರಿನಲ್ಲಿ ಕಳೆದು, 1903ರ ಡಿಸೆಂಬರ್‌ನಲ್ಲಿ ಇಲ್ಲಿಯೇ ತೀರಿಕೊಂಡರು.

ತಲುಪುವುದು ಮತ್ತು ತಂಗುವುದು

ಸ್ಟುಟ್‌ಗಾರ್ಟ್‌ನಿಂದ ನೇರ ರೈಲುಗಳಿವೆ. ವೇಗದ ರೈಲಿಗೆ ಮುಕ್ಕಾಲು ಗಂಟೆ, ಎಲ್ಲ ಕಡೆ ನಿಲ್ಲುವ ರೈಲಿಗೆ ಒಂದು ಗಂಟೆ. ಇವು ಪ್ರಾದೇಶಿಕ ರೈಲುಗಳಾದ್ದರಿಂದ ತಿಂಗಳ ‘ಡಾಯ್ಚ್‌ಲಾಂಡ್ ಟಿಕೆಟ್’ ಇದ್ದವರು ಬೇರೆ ಟಿಕೆಟ್ ಕೊಳ್ಳಬೇಕಾಗಿಲ್ಲ. ಊರಿನಿಂದ ಬಂದ ನೆಂಟರಿಗೆ ಮಾತ್ರ, ಐದು ಜನರ ತನಕ ಒಟ್ಟಿಗೆ ಓಡಾಡಬಹುದಾದ ಬಾಡೆನ್‌–ವುರ್ಟೆಂಬರ್ಗ್ ರಾಜ್ಯದ ದಿನದ ಟಿಕೆಟ್ ಕೊಂಡರೆ ಬಿಡಿ ಟಿಕೆಟ್‌ಗಳಿಗಿಂತ ಅಗ್ಗ. ವಿಮಾನ ನಿಲ್ದಾಣದಿಂದ ಸ್ಟುಟ್‌ಗಾರ್ಟ್ ನಗರದೊಳಗೆ ಹೋಗದೆ ನೇರವಾಗಿ ಟ್ಯೂಬಿಂಗನ್‌ಗೆ ಬರುವ ಬಸ್ಸೂ ಉಂಟು. ಇಳಿದ ಮೇಲೆ ನಿಲ್ದಾಣದಿಂದ ಹಳೆಯ ಊರಿಗೆ ಹತ್ತು ನಿಮಿಷದ ನಡಿಗೆ; ಒಳಗೆ ವಾಹನದ ಅಗತ್ಯವೇ ಬೀಳುವುದಿಲ್ಲ, ಕಾರು ತಂದರೆ ಅದನ್ನು ನಿಲ್ಲಿಸುವುದೇ ಒಂದು ಕೆಲಸವಾಗುತ್ತದೆ.

ಹೋಟೆಲುಗಳು ಹೆಚ್ಚಿಲ್ಲ. ಡಿಸೆಂಬರ್‌ನ ಚಾಕೊಲೇಟ್ ಉತ್ಸವ, ಸೆಪ್ಟೆಂಬರ್‌ನ ಇಟಲಿ–ಫ್ರಾನ್ಸ್ ಸಂತೆ, ಜೂನ್‌ನ ದೋಣಿ ಸ್ಪರ್ಧೆ ನಡೆಯುವ ದಿನಗಳಲ್ಲಿ ತಿಂಗಳುಗಟ್ಟಲೆ ಮೊದಲೇ ಕೋಣೆ ಕಾದಿರಿಸಬೇಕು. ನೆಕ್ಕರ್ ದಂಡೆಯಲ್ಲೇ ಇರುವ ಯೂತ್ ಹಾಸ್ಟೆಲ್ ಕಡಿಮೆ ಖರ್ಚಿನದು. ಕುಟುಂಬದವರೂ ಅಲ್ಲಿ ಉಳಿಯಬಹುದು. ಕಾಲ ಯಾವುದು ಒಳ್ಳೆಯದು ಎಂದು ಕೇಳಿದರೆ ನನ್ನ ಉತ್ತರ ಮೇ ಕೊನೆಯಿಂದ ಜುಲೈ ಮಧ್ಯದ ತನಕ. ಆಗ ತರಗತಿಗಳು ನಡೆಯುತ್ತಿರುತ್ತವೆ, ರಾತ್ರಿ ಒಂಬತ್ತೂವರೆಯ ತನಕ ಬೆಳಕಿರುತ್ತದೆ. ಆಗಸ್ಟ್‌ನಲ್ಲಿ ವಿದ್ಯಾರ್ಥಿಗಳು ಮನೆಗೆ ಹೋಗಿರುತ್ತಾರೆ. ಊರು ಚೆಂದವೇ ಇರುತ್ತದೆ, ಆದರೆ ರಾತ್ರಿಯ ಗದ್ದಲ ಇರುವುದಿಲ್ಲ.

ಪಾದರಕ್ಷೆಯ ವಿಷಯವಾಗಿ ಒಂದು ಮಾತು. ಬೀದಿಗಳೆಲ್ಲ ಕಲ್ಲು ಹಾಸಿದವು, ಏರುಪೇರಿನವು. ಮಳೆ ಬಿದ್ದರೆ ಜಾರುತ್ತವೆ. ಸೀರೆ ಉಟ್ಟ ಅಮ್ಮಂದಿರು ಚಪ್ಪಲಿಯಲ್ಲಿ ಬರಲು ಹೊರಟರೆ ದಯವಿಟ್ಟು ತಡೆದು ಬೂಟು ಹಾಕಿಸಿ.

ಮೊದಲ ಮಧ್ಯಾಹ್ನದ ನಡಿಗೆ

ಸೇತುವೆಯ ಮೇಲೆ ನಿಂತು ನೋಡುವ ನೋಟ ಎಲ್ಲರಿಗೂ ಗೊತ್ತು. ಅಲ್ಲಿ ನಿಲ್ಲದೆ, ಸೇತುವೆಯ ನಡುವಿನಿಂದ ಇಳಿಯುವ ಮೆಟ್ಟಿಲುಗಳಿಂದ ಕೆಳಗಿನ ದ್ವೀಪಕ್ಕೆ ಹೋಗಿ. ನದಿಯ ನಡುವೆ ಉದ್ದಕ್ಕೆ ಚಾಚಿದ ಈ ದ್ವೀಪದ ಮೇಲೆ ಎರಡು ಸಾಲು ಪ್ಲೇನ್ ಮರಗಳಿವೆ, ಸುಮಾರು ಇನ್ನೂರು ವರ್ಷ ಹಳೆಯವು, ಮೇಲೆ ಕೊಂಬೆಗಳು ಒಂದಕ್ಕೊಂದು ತಾಗಿ ಚಪ್ಪರ ಹಾಕಿದಂತಿವೆ. ಆ ನೆರಳಿನಲ್ಲಿ ನಡೆಯುತ್ತ ಬಲಕ್ಕೆ ನೋಡಿದರೆ ನೀರಿನಾಚೆ ಹಳೆಯ ಊರಿನ ಮುಖವಿದೆ: ಹಳದಿ, ಗುಲಾಬಿ, ಹಸಿರು ಮನೆಗಳು, ಅವುಗಳ ಮೇಲೆ ಚರ್ಚಿನ ಗೋಪುರ, ಎಡತುದಿಯಲ್ಲಿ ಹಳದಿ ಬಣ್ಣದ ದುಂಡು ಗೋಪುರ. ಆ ಗೋಪುರಕ್ಕೆ ಸಂಜೆ ಮುನ್ನ ಹೋಗೋಣ.

ಸೇತುವೆಗೆ ಮರಳಿ, ನೆಕ್ಕರ್ ಗಲ್ಲಿಯ ಏರನ್ನು ಹತ್ತಿದರೆ ಹೋಲ್ಟ್ಸ್‌ಮಾರ್ಕ್ಟ್ ಎಂಬ ಚೌಕ ಸಿಗುತ್ತದೆ. ಇದರ ಒಂದು ಬದಿಗೆ 15ನೆಯ ಶತಮಾನದ ಶ್ಟಿಫ್ಟ್ಸ್‌ಕಿರ್ಖೆ ಚರ್ಚು. ಅದರ ಗರ್ಭಭಾಗದಲ್ಲಿ ವುರ್ಟೆಂಬರ್ಗ್‌ನ ಅರಸರ ಸಮಾಧಿಗಳಿವೆ, ವಿಶ್ವವಿದ್ಯಾಲಯ ಕಟ್ಟಿಸಿದ ಎಬರ್‌ಹಾರ್ಡ್‌ನದೂ ಸೇರಿ. ಮೊಣಕಾಲು ಗಟ್ಟಿಯಿದ್ದವರು ಚರ್ಚಿನ ಗೋಪುರ ಹತ್ತಬಹುದು. ಹಿರಿಯರಿದ್ದರೆ ಇಲ್ಲಿ ಶಕ್ತಿ ಖರ್ಚು ಮಾಡದೆ ಕೋಟೆಗೆ ಉಳಿಸಿಕೊಳ್ಳಿ, ಎರಡೂ ಕಡೆ ಕಾಣುವ ನೋಟ ಹೆಚ್ಚುಕಡಿಮೆ ಒಂದೇ. ಚರ್ಚಿನ ಎದುರಿನ ಹಳೆಯ ಪುಸ್ತಕದಂಗಡಿಯ ಕಟ್ಟಡದಲ್ಲಿ 1895ರಿಂದ 1899ರ ತನಕ ಕಾದಂಬರಿಕಾರ ಹರ್ಮನ್ ಹೆಸ್ಸೆ ಕೆಲಸ ಕಲಿಯುವ ಹುಡುಗನಾಗಿ, ಆಮೇಲೆ ಸಹಾಯಕನಾಗಿ ದುಡಿದ. ಅಲ್ಲೀಗ ಒಂದು ಪುಟ್ಟ ವಸ್ತುಸಂಗ್ರಹವಿದೆ. ಹೆಸ್ಸೆಯ ತಾಯಿ ಹುಟ್ಟಿದ್ದು ತಲಶ್ಶೇರಿಯಲ್ಲಿ. ಆಕೆಯ ತಂದೆ ಹರ್ಮನ್ ಗುಂಡರ್ಟ್, ಮಲಯಾಳ ನಿಘಂಟು ಬರೆದವರು, ಮೊಗ್ಲಿಂಗ್ ಅವರ ಆಪ್ತರು, ಅವರೂ ಇಲ್ಲಿಯೇ ಓದಿದವರು. ಗುಂಡರ್ಟ್ ಅವರ ಸಂಗ್ರಹದ ಹಸ್ತಪ್ರತಿಗಳೂ ಮಂಗಳೂರು, ತಲಶ್ಶೇರಿಗಳಲ್ಲಿ ಅಚ್ಚಾದ ಪುಸ್ತಕಗಳೂ ಇಂದು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಅವುಗಳನ್ನು ಸ್ಕ್ಯಾನ್ ಮಾಡಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಮಲಯಾಳದ್ದೇ ಹೆಚ್ಚು, ಕನ್ನಡದವೂ ಇವೆ. ಹೋಗುವ ಮೊದಲು ಮನೆಯಲ್ಲೇ ಕೂತು ಒಂದೆರಡು ಪುಟ ತಿರುವಿ ನೋಡಿ.

ಅಲ್ಲಿಂದ ಎರಡು ನಿಮಿಷಕ್ಕೆ ಮಾರುಕಟ್ಟೆಯ ಚೌಕ. ಇಳಿಜಾರಾದ ಈ ಚೌಕದ ಮೇಲ್ಬದಿಗೆ 1435ರಲ್ಲಿ ಕಟ್ಟಲು ತೊಡಗಿದ ಪುರಸಭಾ ಭವನವಿದೆ. ಗೋಡೆಯ ಚಿತ್ತಾರ 19ನೆಯ ಶತಮಾನದ್ದು, ವಿಶ್ವವಿದ್ಯಾಲಯದ 400ನೆಯ ವರ್ಷಕ್ಕೆಂದು ಬರೆಸಿದ್ದು. ಆದರೆ ಮೇಲಿರುವ ಖಗೋಳ ಗಡಿಯಾರ 1511ರದು. ಗಣಿತಜ್ಞ ಯೊಹಾನೆಸ್ ಶ್ಟೋಫ್ಲರ್ ರೂಪಿಸಿದ ಅದರಲ್ಲಿ ಚಂದ್ರನ ಕಲೆಗಳನ್ನೂ ಸೂರ್ಯನಿರುವ ರಾಶಿಯನ್ನೂ ಓದಬಹುದು. ಪಂಚಾಂಗ ನೋಡಿ ಬಲ್ಲ ಹಿರಿಯರನ್ನು ಅದರ ಕೆಳಗೆ ನಿಲ್ಲಿಸಿ, ಮೇಷ ವೃಷಭಗಳ ಗುರುತುಗಳನ್ನು ತೋರಿಸಿ. ನಮ್ಮ ತಂದೆಯವರು ಅಲ್ಲಿಂದ ಕಾಲು ಗಂಟೆ ಕದಲಲಿಲ್ಲ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ ಈ ಚೌಕದಲ್ಲಿ ರೈತರ ಸಂತೆ ಸೇರುತ್ತದೆ.

ಈಗ ಕೋಟೆ. ಬುರ್ಗ್‌ಶ್ಟೈಗೆ ಎಂಬ ದಾರಿ ಕಡಿದಾಗಿದೆ, ಆದರೆ ಚಿಕ್ಕದು. ನಿಂತು ನಿಂತು ಹತ್ತಿದರೆ ಹದಿನೈದು ನಿಮಿಷ. ಹೆಚ್ಚಿನವರು ಅಂಗಳದ ತನಕ ಬಂದು, ಗೋಡೆಯಿಂದ ಊರನ್ನು ನೋಡಿ ಇಳಿದುಬಿಡುತ್ತಾರೆ. ಅದು ದೊಡ್ಡ ನಷ್ಟ. ಒಳಗಿನ ವಿಶ್ವವಿದ್ಯಾಲಯದ ಮ್ಯೂಸಿಯಂ ಸಂಜೆ ಐದಕ್ಕೆ ಮುಚ್ಚುವುದರಿಂದ ಮೂರು ಗಂಟೆಯೊಳಗೆ ಅಲ್ಲಿರಬೇಕು, ವಾರದ ರಜೆ ಯಾವ ದಿನವೆಂದು ಮೊದಲೇ ನೋಡಿಕೊಂಡಿರಬೇಕು. ಅಲ್ಲಿ ಎರಡು ವಸ್ತುಗಳಿಗಾಗಿ ನಾನು ಮತ್ತೆ ಮತ್ತೆ ಹೋಗುತ್ತೇನೆ.

ಒಂದು, ಫೋಗಲ್‌ಹೆರ್ಡ್ ಗುಹೆಯ ಕುದುರೆ. ಕತ್ತಲೆ ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮ್ಯಾಮತ್ ದಂತದಲ್ಲಿ ಕೆತ್ತಿದ, 5 ಸೆಂಟಿಮೀಟರ್ ಕೂಡ ಉದ್ದವಿಲ್ಲದ ಒಂದು ಕುದುರೆ. ವಯಸ್ಸು ಸುಮಾರು 40 ಸಾವಿರ ವರ್ಷ. ಕಾಲುಗಳು ಮುರಿದು ಹೋಗಿವೆ. ಆದರೆ ಕತ್ತನ್ನು ಬಿಲ್ಲಿನಂತೆ ಬಾಗಿಸಿ ತಲೆಯನ್ನು ಎದೆಯತ್ತ ಎಳೆದುಕೊಂಡ ಆ ಭಂಗಿ, ಬೆನ್ನಿನ ಮೇಲಿಂದ ಬಾಲದ ತನಕ ಒಂದೇ ಉಸಿರಿನಲ್ಲಿ ಎಳೆದಂತಿರುವ ಗೆರೆ, ಸವೆದು ನುಣುಪಾದ ಮೈ ಇವನ್ನು ನೋಡಿದರೆ, ಕೆತ್ತಿದವನು ಬದುಕಿದ ಕುದುರೆಗಳನ್ನು ಎಷ್ಟು ದಿನ ಕಣ್ಣಿಟ್ಟು ನೋಡಿದ್ದಿರಬೇಕು ಎನ್ನಿಸುತ್ತದೆ. ಇಂಥವು ದೊರೆತ ಆ ಗುಹೆಗಳು 2017ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಇನ್ನೊಂದು, ಕೋಟೆಯ ಹಳೆಯ ಅಡುಗೆಮನೆ. 19ನೆಯ ಶತಮಾನದಲ್ಲಿ ಅದು ರಸಾಯನ ಪ್ರಯೋಗಾಲಯವಾಗಿತ್ತು. 1869ರಲ್ಲಿ ಫ್ರೀಡ್ರಿಖ್ ಮೀಷರ್ ಎಂಬ ತರುಣ ಆಸ್ಪತ್ರೆಯಿಂದ ತರಿಸಿದ ಕೀವಿನ ಬ್ಯಾಂಡೇಜುಗಳಿಂದ ಬಿಳಿ ರಕ್ತಕಣಗಳನ್ನು ಬೇರ್ಪಡಿಸಿ, ಅವುಗಳ ಕೇಂದ್ರದಲ್ಲಿ ಹೊಸ ವಸ್ತುವೊಂದನ್ನು ಕಂಡು ‘ನ್ಯೂಕ್ಲೀನ್’ ಎಂದು ಹೆಸರಿಟ್ಟ. ನಾವು ಇಂದು ಡಿಎನ್‌ಎ ಎನ್ನುವುದು ಅದನ್ನೇ. ಶಾಲೆಗೆ ಹೋಗುವ ಮಕ್ಕಳು ಜೊತೆಗಿದ್ದರೆ ಈ ಕಮಾನಿನ ಕೋಣೆಯನ್ನು ಬಿಡಬೇಡಿ.

ಕೋಟೆಯಿಂದ ಇಳಿದು ನದಿಯತ್ತ ತಿರುಗಿದರೆ ಎವಾಂಗೆಲಿಷಸ್ ಶ್ಟಿಫ್ಟ್, ಅಂದರೆ ಪಾದ್ರಿಯಾಗುವವರು ಉಳಿದು ಓದುತ್ತಿದ್ದ ವಿದ್ಯಾರ್ಥಿನಿಲಯ. ಖಗೋಳ ವಿಜ್ಞಾನಿ ಕೆಪ್ಲರ್ 1589ರಿಂದ ಇಲ್ಲಿದ್ದ. ತತ್ತ್ವಜ್ಞಾನಿಗಳಾದ ಹೆಗೆಲ್, ಶೆಲ್ಲಿಂಗ್, ಕವಿ ಹೋಲ್ಡರ್ಲಿನ್ ಮೂವರೂ ಒಂದೇ ಕಾಲದಲ್ಲಿ ಇಲ್ಲಿದ್ದರು. ಮೊಗ್ಲಿಂಗ್ ಮತ್ತು ಗುಂಡರ್ಟ್ ಕೂಡ ಇದೇ ನಿಲಯದ ಹುಡುಗರು. ಇಲ್ಲಿಂದ ಕೂಗಳತೆಯಲ್ಲಿ, ನೀರಿನಂಚಿಗೆ, ದ್ವೀಪದಿಂದ ಕಂಡ ಆ ಹಳದಿ ಗೋಪುರ. ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡ ಹೋಲ್ಡರ್ಲಿನ್‌ನನ್ನು ಹತ್ತಿರದ ಬುರ್ಸಾ ಕಟ್ಟಡದಲ್ಲಿದ್ದ ಆಸ್ಪತ್ರೆಯವರು ಗುಣವಾಗದವನೆಂದು 1807ರಲ್ಲಿ ಕೈಬಿಟ್ಟಾಗ, ಎರ್ನ್‌ಸ್ಟ್ ತ್ಸಿಮ್ಮರ್ ಎಂಬ ಬಡಗಿ, ಅವನ ಕಾದಂಬರಿ ಓದಿ ಮೆಚ್ಚಿದ್ದವನು, ತನ್ನ ಮನೆಗೆ ಕರೆತಂದ. ಕವಿ ಇಲ್ಲಿಯೇ 36 ವರ್ಷ ಬದುಕಿದ. ಬಂದವರು ಕೇಳಿದರೆ ಅಲ್ಲೇ ನಾಲ್ಕು ಸಾಲು ಬರೆದು, ಕೆಳಗೆ ‘ಸ್ಕಾರ್ಡನೆಲ್ಲಿ’ ಎಂದು ಸಹಿ ಮಾಡಿ, ಯಾವುದೋ ಶತಮಾನದ ತಾರೀಖು ಹಾಕಿ ಕೊಡುತ್ತಿದ್ದ. ಮೊಗ್ಲಿಂಗ್ ಈ ಬೀದಿಯಲ್ಲಿ ಪಾಠಕ್ಕೆ ಓಡಾಡುತ್ತಿದ್ದಾಗ ಹೋಲ್ಡರ್ಲಿನ್ ಇದೇ ಕಿಟಕಿಗಳ ಹಿಂದೆ ಇದ್ದ. 1843ರ ಜೂನ್ 7ರಂದು ಕವಿ ಇಲ್ಲಿ ಕಣ್ಣು ಮುಚ್ಚಿದ, ಇಪ್ಪತ್ತನಾಲ್ಕು ದಿನಗಳ ಮೇಲೆ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಬಂತು. ಎರಡಕ್ಕೂ ಸಂಬಂಧವಿಲ್ಲ, ಆದರೂ ಆ ದುಂಡು ಕೋಣೆಯಲ್ಲಿ ನಿಂತು ನದಿ ನೋಡುವಾಗ ಈ ಎರಡು ದಿನಾಂಕಗಳು ನನ್ನ ತಲೆಯಲ್ಲಿ ಒಟ್ಟಿಗೆ ಬರುತ್ತವೆ. ಗೋಪುರ 1875ರಲ್ಲಿ ಸುಟ್ಟು ಮತ್ತೆ ಕಟ್ಟಿದ್ದು, ಪ್ರವೇಶ ಉಚಿತ.

ನದಿಯ ಮೇಲೆ ಒಂದು ಗಂಟೆ

ಗೋಪುರದ ಬುಡದಲ್ಲೇ ಶ್ಟೋಖರ್‌ಕಾನ್ ದೋಣಿಗಳು ಕಟ್ಟಿರುತ್ತವೆ: ಉದ್ದನೆಯ, ತಳ ಚಪ್ಪಟೆಯಾದ ಮರದ ದೋಣಿ, ಎದುರುಬದುರು ಹಲಗೆಗಳು, ಹಿಂದೆ ನಿಂತವನ ಕೈಯಲ್ಲಿ ಉದ್ದವಾದ ಗಳ. ಹುಟ್ಟು ಹಾಕುವುದಿಲ್ಲ, ತೆಪ್ಪ ನಡೆಸುವವರಂತೆ ಗಳವನ್ನು ನದಿಯ ತಳಕ್ಕೆ ಊರಿ ದೂಡುತ್ತಾರೆ. ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ದ್ವೀಪವನ್ನು ಸುತ್ತಿ ಬರುವ ಒಂದು ಗಂಟೆಯ ಪಯಣಗಳು ಸಿಗುತ್ತವೆ. ಮಧ್ಯಾಹ್ನ ಹತ್ತಬೇಡಿ, ಬಿಸಿಲೂ ಹೆಚ್ಚು, ಜನವೂ ಹೆಚ್ಚು. ಜೂನ್‌ನಲ್ಲಾದರೆ ಏಳು ಗಂಟೆಯ ಸುತ್ತಿಗೆ ಹೇಳಿಡಿ. ಆಗ ಸೂರ್ಯ ಪಡುವಣಕ್ಕೆ ವಾಲಿ ಮನೆಗಳ ಸಾಲಿನ ಮೇಲೆ ಓರೆಯಾಗಿ ಬೀಳುತ್ತಾನೆ, ಗೋಡೆಯ ಮೇಲೆ ಕಾಲು ಇಳಿಬಿಟ್ಟು ಕೂತ ಹುಡುಗ ಹುಡುಗಿಯರು ನಿಮ್ಮ ತಲೆಯ ಮೇಲೆಯೇ ಹರಟುತ್ತಿರುತ್ತಾರೆ, ಗಳ ನೀರಿನಿಂದ ಮೇಲೆ ಬರುವಾಗ ತೊಟ್ಟಿಕ್ಕುವ ಸದ್ದು ಬಿಟ್ಟರೆ ದೋಣಿಯಲ್ಲಿ ಸದ್ದಿರುವುದಿಲ್ಲ. ಏಳೆಂಟು ಜನರ ಗುಂಪಾದರೆ ಇಡೀ ದೋಣಿ ಗೊತ್ತುಮಾಡಿಕೊಂಡು ತಿಂಡಿ ಕಟ್ಟಿಕೊಂಡು ಹೋಗಬಹುದು; ನಾವು ಪುಳಿಯೋಗರೆ, ಚಕ್ಕುಲಿ ಒಯ್ದಿದ್ದೆವು, ದೋಣಿ ನಡೆಸಿದ ವಿದ್ಯಾರ್ಥಿಗೆ ಚಕ್ಕುಲಿ ಬಹಳ ಹಿಡಿಸಿತು.

ಕಾರ್ಪಸ್ ಕ್ರಿಸ್ಟಿ ಹಬ್ಬದ ದಿನ ವಿದ್ಯಾರ್ಥಿ ಸಂಘಗಳ ದೋಣಿ ಸ್ಪರ್ಧೆ ನಡೆಯುತ್ತದೆ. ಸೋತ ತಂಡದವರು ಎಲ್ಲರೆದುರು ತಲಾ ಅರ್ಧ ಲೀಟರ್ ಮೀನೆಣ್ಣೆ ಕುಡಿಯಬೇಕು. ಅದನ್ನು ನೋಡಲು ಸಾವಿರಾರು ಜನ ಸೇರುವುದರಿಂದ ದ್ವೀಪದ ಮೇಲೆ ಜಾಗ ಬೇಕಿದ್ದರೆ ಬೆಳಿಗ್ಗೆಯೇ ಹೋಗಿ ಕೂರಬೇಕು.

ಊಟ

ಇದು ಶ್ವಾಬಿಯಾ ಸೀಮೆ. ಇಲ್ಲಿಯ ಊಟಕ್ಕೆ ಹಿಟ್ಟು, ಮೊಟ್ಟೆ, ಚೀಸೇ ಆಧಾರ, ಆದ್ದರಿಂದ ಮಾಂಸ ತಿನ್ನದವರಿಗೂ ಹೊಟ್ಟೆ ತುಂಬುತ್ತದೆ, ಎಚ್ಚರವಿದ್ದರೆ. ಮೊದಲು ತಿನ್ನಬೇಕಾದದ್ದು ಮೌಲ್ಟಾಶೆ: ಗೋಧಿ ಹಾಳೆಯ ನಡುವೆ ಹೂರಣ ಇಟ್ಟು ಮಡಿಸಿ ಬೇಯಿಸಿದ ಚೌಕಗಳು. ಸಾಂಪ್ರದಾಯಿಕ ಹೂರಣ ಮಾಂಸ, ಪಾಲಕ್, ಈರುಳ್ಳಿ. ಉಪವಾಸದ ದಿನಗಳಲ್ಲಿ ಮಾಂಸವನ್ನು ದೇವರ ಕಣ್ಣಿಗೆ ಬೀಳದಂತೆ ಹಿಟ್ಟಿನೊಳಗೆ ಬಚ್ಚಿಡಲು ಮೌಲ್‌ಬ್ರೋನ್ ಮಠದ ಸನ್ಯಾಸಿಗಳು ಇದನ್ನು ಹುಡುಕಿದರೆಂಬ ಕಥೆಯನ್ನು ಪ್ರತಿ ಹೋಟೆಲಿನಲ್ಲೂ ಹೇಳುತ್ತಾರೆ. ತರಕಾರಿಯದೂ ಈಗ ಎಲ್ಲೆಡೆ ಸಿಗುತ್ತದೆ. ಸಾರಿನಲ್ಲಿ ಬೇಡ, ತುಪ್ಪದಂತೆ ಕರಗಿಸಿದ ಬೆಣ್ಣೆಯಲ್ಲಿ ಕೆಂಪಗೆ ಹುರಿದದ್ದನ್ನು ಕೇಳಿ. ಕೋಟೆಗೆ ಹೋಗುವ ಏರಿನಲ್ಲೇ ಇರುವ ‘ಮೌಗನೆಶ್ಟ್ಲೆ’ ಬಗೆಬಗೆಯ ಮೌಲ್ಟಾಶೆಗೆ ಹೆಸರಾದ ಜಾಗ.

ಎರಡನೆಯದು ಕೇಸೆಶ್ಪೆಟ್ಸ್‌ಲೆ. ಮೊಟ್ಟೆ ಹಾಕಿದ ಹಿಟ್ಟನ್ನು ಕುದಿಯುವ ನೀರಿಗೆ ಚೂರು ಚೂರಾಗಿ ಹಾಕಿ ತೆಗೆದ ಶಾವಿಗೆಯಂಥ ತುಂಡುಗಳು, ಪದರ ಪದರವಾಗಿ ಚೀಸ್, ಮೇಲೆ ಕರಿದ ಈರುಳ್ಳಿ. ಬಹಳ ಭಾರದ ತಿನಿಸು. ಇಬ್ಬರಿಗೆ ಒಂದು ತಟ್ಟೆ, ಜೊತೆಗೊಂದು ಹಸಿ ಸಾಲಡ್ ಸಾಕು. ಮೂರನೆಯದು ನಮ್ಮ ನಾಲಗೆಗೆ ತೀರ ಹತ್ತಿರದ್ದು: ಸ್ವಲ್ಪ ವಿನೆಗರ್ ಹಾಕಿ ಹುಳಿಮಾಡಿದ ಮಸೂರದ ಬೇಳೆ, ಶ್ಪೆಟ್ಸ್‌ಲೆ, ಮೇಲೆ ಸಾಸೇಜು. ಸಾಸೇಜು ಬೇಡವೆಂದರೆ ಸಾಕೆಂದು ನಾನು ಮೊದಲ ಸಲ ಅಂದುಕೊಂಡಿದ್ದೆ. ಒಂದು ಹೋಟೆಲಿನಲ್ಲಿ ಅಮ್ಮನಿಗೆ ಹಾಗೆಯೇ ತರಿಸಿ, ಎರಡು ಚಮಚ ತಿಂದ ಮೇಲೆ ಬೇಳೆಯೊಳಗೆ ಸಣ್ಣಗೆ ಹೆಚ್ಚಿದ ಹಂದಿಮಾಂಸದ ಚೂರು ಕಂಡಿತು. ಅಮ್ಮ ಏನೂ ಹೇಳದೆ ಚಮಚ ಕೆಳಗಿಟ್ಟರು. ಆ ರಾತ್ರಿ ಬ್ರೆಡ್ ತಿಂದು ಮಲಗಿದರು. ಅಂದಿನಿಂದ ನಾನು ಪ್ರತಿ ಸಲವೂ ‘ಓನೆ ಫ್ಲೈಶ್, ಓನೆ ಶ್ಪೆಕ್, ಓನೆ ಫ್ಲೈಶ್‌ಬ್ರೂಯೆ’ ಎಂದು ಮೂರನ್ನೂ ಸೇರಿಸಿ ಹೇಳುತ್ತೇನೆ: ಮಾಂಸವಿಲ್ಲದೆ, ಹಂದಿಕೊಬ್ಬಿಲ್ಲದೆ, ಮಾಂಸದ ಸಾರಿಲ್ಲದೆ. ಮೂರನೆಯದು ಮುಖ್ಯ, ಏಕೆಂದರೆ ಈ ಸೀಮೆಯ ಆಲೂಗಡ್ಡೆ ಸಾಲಡ್ಡಿಗೂ, ದೋಸೆಯ ಎಳೆಗಳಂತೆ ಕಾಣುವ ಫ್ಲೇಡ್ಲೆ ಸೂಪಿಗೂ ಮಾಂಸದ ಸಾರು ಹಾಕುವುದೇ ಪದ್ಧತಿ. ಮೊಟ್ಟೆಯನ್ನೂ ತಿನ್ನದವರಿಗೆ ಮೆಟ್ಸ್‌ಗರ್ ಗಲ್ಲಿಯ ‘ಕಿಖರ್‌ಎರ್ಬ್ಸೆ’ಯಲ್ಲಿ ಫಲಾಫೆಲ್ ಸಿಗುತ್ತದೆ, ಕಡಲೆ ವಡೆಗೆ ಅದಕ್ಕಿಂತ ಹತ್ತಿರದ್ದು ಆ ಊರಿನಲ್ಲಿಲ್ಲ.

ಸೇತುವೆಯ ಪಕ್ಕದ ‘ನೆಕ್ಕರ್‌ಮುಲ್ಲರ್’ ತಾನೇ ಬಿಯರ್ ತಯಾರಿಸುತ್ತದೆ. ಮರಗಳ ಕೆಳಗಿನ ಅದರ ಮೇಜುಗಳು ನದಿಗೆ ತಾಗಿಕೊಂಡಿವೆ. ಊಟಕ್ಕಿಂತ ಜಾಗಕ್ಕಾಗಿ ಹೋಗಬೇಕಾದದ್ದು ಅದು. ವೈನ್ ಕುಡಿಯುವವರು ‘ಫಿಯರ್ಟೆಲೆ’ ಎಂದು ಕೇಳಿದರೆ ಕಾಲು ಲೀಟರ್ ಬರುತ್ತದೆ. ಟ್ರೊಲಿಂಗರ್, ಲೆಂಬರ್ಗರ್ ಈ ಸೀಮೆಯ ಕೆಂಪು ವೈನುಗಳು. ಶರತ್ಕಾಲದಲ್ಲಿ ಹೋದರೆ ಇನ್ನೂ ಹುಳಿಯುತ್ತಿರುವ ಹೊಸ ವೈನಿನೊಡನೆ ಈರುಳ್ಳಿ ಕೇಕು ಕೊಡುತ್ತಾರೆ, ಅದರಲ್ಲೂ ಹಂದಿಮಾಂಸದ ಚೂರಿರುತ್ತದೆಯೇ ಎಂದು ಕೇಳಿಕೊಳ್ಳಿ. ನೀರು ಬಿಟ್ಟಿಯಾಗಿ ತಂದಿಡುವ ರೂಢಿಯಿಲ್ಲ. ನೀರು ಎಂದಷ್ಟೇ ಹೇಳಿದರೆ ಗ್ಯಾಸ್ ತುಂಬಿದ ಬಾಟಲಿ ಬರುತ್ತದೆ, ಅದಕ್ಕೆ ದುಡ್ಡು. ಗ್ಯಾಸಿಲ್ಲದ್ದು ಬೇಕಾದರೆ ‘ಶ್ಟಿಲ್’ ಎನ್ನಿ. ಬಿಲ್ಲಿನ ಮೇಲೆ ಐದರಿಂದ ಹತ್ತು ಶೇಕಡಾ ಸೇರಿಸಿ, ದುಡ್ಡು ಕೊಡುವಾಗಲೇ ಒಟ್ಟು ಮೊತ್ತ ಹೇಳುವುದು ಇಲ್ಲಿಯ ಕ್ರಮ; ಮೇಜಿನ ಮೇಲೆ ಚಿಲ್ಲರೆ ಬಿಟ್ಟು ಬರಬಾರದು. ಕೆಲವು ಕಡೆ ಕಾರ್ಡು ನಡೆಯುವುದಿಲ್ಲ, ಐವತ್ತು ಯೂರೋ ನಗದು ಜೇಬಿನಲ್ಲಿರಲಿ. ಅಡುಗೆಮನೆಗಳು ಒಂಬತ್ತರ ಸುಮಾರಿಗೆ ಮುಚ್ಚುವುದರಿಂದ ನಮ್ಮ ಊರಿನ ಊಟದ ಹೊತ್ತಿಗೆ ಹೋದರೆ ಸಿಗುವುದು ಕಬಾಬು ಅಂಗಡಿ ಮಾತ್ರ.

ಈ ಊರಿಗೇ ವಿಶೇಷವಾದ ಇನ್ನೊಂದು ಖರ್ಚಿದೆ. 2022ರ ಜನವರಿಯಿಂದ ಟ್ಯೂಬಿಂಗನ್ ಪುರಸಭೆ ಒಮ್ಮೆ ಬಳಸಿ ಬಿಸಾಡುವ ಕಪ್ಪು, ಡಬ್ಬಿಗಳ ಮೇಲೆ 50 ಸೆಂಟ್, ಚಮಚ ಮುಳ್ಳುಗಳ ಮೇಲೆ 20 ಸೆಂಟ್ ತೆರಿಗೆ ಹಾಕುತ್ತದೆ. ಇದನ್ನು ಪ್ರಶ್ನಿಸಿದ ಪ್ರಕರಣ ದೇಶದ ಸಂವಿಧಾನ ನ್ಯಾಯಾಲಯದ ತನಕ ಹೋಗಿ, ತೆರಿಗೆ ಸರಿಯೆಂದು 2025ರ ಜನವರಿಯಲ್ಲಿ ತೀರ್ಪು ಹೊರಬಂತು. ಪಾರ್ಸೆಲ್ ಕಾಫಿಗೆ ಹೆಚ್ಚು ಕೇಳಿದರೆಂದು ಬೇಸರಪಡಬೇಡಿ. ನಿಮ್ಮದೇ ಕಪ್ಪು ಕೊಟ್ಟರೆ ಅದರಲ್ಲೇ ಹಾಕಿ ಕೊಡುತ್ತಾರೆ. ಬೀದಿಗಳು ಎಷ್ಟು ಶುಚಿಯಾಗಿವೆ ಎಂಬುದನ್ನು ನೋಡಿದ ಮೇಲೆ ನನಗೆ ಈ ತೆರಿಗೆ ಬಹಳ ನ್ಯಾಯವಾಗಿ ಕಂಡಿದೆ.

ರಾತ್ರಿ

ಬರ್ಲಿನ್‌ನ ಹಾಗೆ ಬೆಳಗಿನ ತನಕ ಕುಣಿಯುವ ಊರು ಇದಲ್ಲ. ಇಲ್ಲಿಯ ರಾತ್ರಿಜೀವನವೆಂದರೆ ಮುಖ್ಯವಾಗಿ ಹೊರಗೆ ಕೂತು ಮಾತಾಡುವುದು. ಎಂಟೂವರೆಯ ಹೊತ್ತಿಗೆ ಹೋಲ್ಟ್ಸ್‌ಮಾರ್ಕ್ಟ್‌ಗೆ ಹೋಗಿ ಚರ್ಚಿನ ಮೆಟ್ಟಿಲುಗಳ ಮೇಲೆ ಕೂರಿ. ಊರಿಗೆ ಊರೇ ಅಲ್ಲಿ ಒಮ್ಮೆ ಹಾದುಹೋಗುತ್ತದೆ. ಸಾರ್ವಜನಿಕ ಜಾಗದಲ್ಲಿ ಬಿಯರ್ ಕುಡಿಯುವುದಕ್ಕೆ ಜರ್ಮನಿಯಲ್ಲಿ ಸಾಮಾನ್ಯವಾಗಿ ಅಡ್ಡಿಯಿಲ್ಲವಾದ್ದರಿಂದ ವಿದ್ಯಾರ್ಥಿಗಳು ಅಂಗಡಿಯಿಂದ ಬಾಟಲಿ ತಂದು ಕೂತಿರುತ್ತಾರೆ. ಖಾಲಿ ಬಾಟಲಿಗೆ ಠೇವಣಿ ದುಡ್ಡು ಮರಳಿ ಬರುತ್ತದೆ, ಒಡೆಯದೆ ಇಟ್ಟುಕೊಳ್ಳಿ. ಬಿಯರ್, ವೈನಿಗೆ 16 ವರ್ಷ, ಅದಕ್ಕಿಂತ ಗಡಸಿನದಕ್ಕೆ 18 ವರ್ಷ ತುಂಬಿರಬೇಕು. ಎಳೆಮುಖದವರು ಗುರುತಿನ ಚೀಟಿ ಒಯ್ಯಿರಿ.

ಕುಡಿಯದ ಹಿರಿಯರು ಜೊತೆಗಿದ್ದು ಅದು ಶನಿವಾರವಾಗಿದ್ದರೆ, ಅದೇ ಚರ್ಚಿನಲ್ಲಿ ಸಾಮಾನ್ಯವಾಗಿ ಸಂಜೆ ಎಂಟಕ್ಕೆ ‘ಮೊಟೆಟ್ಟೆ’ ಎಂಬ ಸಂಗೀತ ಇರುತ್ತದೆ: ಆರ್ಗನ್, ಗಾಯಕವೃಂದ. ಭಾಷೆ ಬೇಕಿಲ್ಲ, ಕಲ್ಲಿನ ಕಮಾನುಗಳಲ್ಲಿ ಆ ನಾದ ನಿಧಾನವಾಗಿ ಇಂಗುವುದನ್ನು ಕಣ್ಣು ಮುಚ್ಚಿ ಕೇಳಿದರಾಯಿತು.

ಒಂಬತ್ತರ ಮೇಲೆ ಊರಿನ ಇನ್ನೊಂದು ಮಗ್ಗುಲಿಗೆ, ಆಮ್ಮರ್ ಕಾಲುವೆಯ ಕೆಳಪೇಟೆಗೆ ಇಳಿಯಿರಿ. ಮೇಲ್ಪೇಟೆ ಪಂಡಿತರದ್ದಾದರೆ ಇದು ‘ಗೋಗನ್’ ಎಂದು ಕರೆಸಿಕೊಂಡ ದ್ರಾಕ್ಷಿ ಬೆಳೆಗಾರರ ಪೇಟೆಯಾಗಿತ್ತು. ಅವರ ಒರಟು ಮಾತಿನ ಕಥೆಗಳು ಇಂದಿಗೂ ಚಾಲ್ತಿಯಲ್ಲಿವೆ. ಗಲ್ಲಿಯ ಪಕ್ಕದಲ್ಲೇ ಹರಿಯುವ ಸಣ್ಣ ಕಾಲುವೆ, ಅದರಂಚಿಗೆ ಮೇಜು ಹಾಕಿದ ಹೋಟೆಲುಗಳು, ಹಾಗ್ ಗಲ್ಲಿಯ ನೆಲಮಾಳಿಗೆಯಲ್ಲಿ ಜಾಝ್ ಕೆಲರ್. ನೆಲಮಾಳಿಗೆ ನಿಜಕ್ಕೂ ತಗ್ಗು, ಎತ್ತರದವರು ತಲೆ ಬಗ್ಗಿಸಬೇಕು. ಸಿನಿಮಾ ನೋಡುವವರಿಗೆ ‘ಆರ್ಸೆನಾಲ್’ ಎಂಬ ಚಿತ್ರಮಂದಿರವಿದೆ. ಪಟ್ಟಿಯಲ್ಲಿ ‘ಓ ಎಂ ಯು’ ಎಂಬ ಮೂರು ಅಕ್ಷರಗಳಿದ್ದರೆ ಚಿತ್ರ ಮೂಲ ಭಾಷೆಯಲ್ಲಿದೆ, ಕೆಳಗೆ ಜರ್ಮನ್ ಸಾಲುಗಳಿವೆ ಎಂದರ್ಥ. ಕುಣಿಯಲೇಬೇಕೆಂಬ ಹರೆಯದವರು ಶನಿವಾರಕ್ಕಿಂತ ಗುರುವಾರ ಬರುವುದು ಒಳ್ಳೆಯದು. ವಾರಾಂತ್ಯಕ್ಕೆ ಮನೆಗೆ ಹೋಗುವ ವಿದ್ಯಾರ್ಥಿಗಳು ಬಹಳ. ಅದಕ್ಕಾಗಿ ವಿಲ್‌ಹೆಲ್ಮ್ ಬೀದಿಯ ವಿಶ್ವವಿದ್ಯಾಲಯದ ಕ್ಲಬ್‌ಹೌಸಿನಲ್ಲಿ ಸೆಮಿಸ್ಟರ್ ನಡೆಯುವಾಗ ಗುರುವಾರವೇ ಪಾರ್ಟಿ. ದೊಡ್ಡ ಸಂಗೀತ ಕಚೇರಿ, ನಾಟಕಗಳಿಗೆ ಊರಿನ ದಕ್ಷಿಣದ ‘ಸುಡ್‌ಹೌಸ್’ ಇದೆ.

ಹತ್ತು ಗಂಟೆಯ ಮೇಲೆ ಗಲ್ಲಿಗಳಲ್ಲಿ ದನಿ ತಗ್ಗಿಸುವುದನ್ನು ಮಾತ್ರ ಮರೆಯಬೇಡಿ. ಆ ಕಿಟಕಿಗಳ ಹಿಂದೆ ಜನ ವಾಸವಾಗಿದ್ದಾರೆ, ಗೋಡೆಗಳು ಹತ್ತಿರ ಹತ್ತಿರ, ಒಬ್ಬರ ನಗು ಮೂರು ಮಹಡಿ ಏರುತ್ತದೆ. ಮಲಗುವ ಮೊದಲು ಒಮ್ಮೆ ಸೇತುವೆಗೆ ಹೋಗಿ ಬನ್ನಿ. ಹಗಲು ಫೋಟೋಕ್ಕೆ ಜನ ಮುಗಿಬಿದ್ದ ಅದೇ ಕಟಾಂಜನದ ಹತ್ತಿರ ಆಗ ಯಾರೂ ಇರುವುದಿಲ್ಲ.

ಎರಡನೆಯ ಬೆಳಿಗ್ಗೆ

ಬೆಳಿಗ್ಗೆ ಬೇಕರಿಗೆ ಹೋಗಿ ಬೆಣ್ಣೆ ಹಚ್ಚಿದ ಬ್ರೆಟ್ಸೆಲ್ ಕೊಳ್ಳಿ. ಶ್ವಾಬಿಯಾದ ಬ್ರೆಟ್ಸೆಲ್ಲಿನ ತೋಳುಗಳು ಸಣ್ಣವು, ಗರಿಗರಿ. ಹೊಟ್ಟೆ ದಪ್ಪ, ಮೆತ್ತಗೆ, ನಡುವೆ ಕತ್ತಿಯಿಂದ ಸೀಳಿದ ಬಿಳಿ ಗೆರೆ. ತೋಳನ್ನು ಮೊದಲು ಮುರಿದು ತಿನ್ನುವುದು, ಹೊಟ್ಟೆಯನ್ನು ಕೊನೆಗೆ. ಭಾನುವಾರವಾದರೆ ಬೇಕರಿ, ಹೋಟೆಲುಗಳ ಹೊರತು ಅಂಗಡಿಗಳೆಲ್ಲ ಮುಚ್ಚಿರುತ್ತವೆ. ಕೊಳ್ಳುವುದಿದ್ದರೆ ಶನಿವಾರವೇ ಮುಗಿಸಿರಬೇಕು.

ಉಳಿದ ಸಮಯಕ್ಕೆ ಎರಡು ದಾರಿಗಳಿವೆ. ಹಿರಿಯರೊಡನೆ ಇದ್ದರೆ ಬಸ್ ಹತ್ತಿ, ಉತ್ತರಕ್ಕೆ ಐದಾರು ಕಿಲೋಮೀಟರ್ ದೂರದ ಬೆಬೆನ್‌ಹೌಸನ್‌ಗೆ ಹೋಗಿ. 12ನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಸನ್ಯಾಸಿಗಳ ಮಠ ಅದು, ಶ್ಯೋನ್‌ಬುಖ್ ಕಾಡಿನಂಚಿನಲ್ಲಿದೆ. ವುರ್ಟೆಂಬರ್ಗ್‌ನ ಕೊನೆಯ ದೊರೆ ಸಿಂಹಾಸನ ಬಿಟ್ಟ ಮೇಲೆ ಅಲ್ಲಿಯೇ ಇದ್ದು 1921ರಲ್ಲಿ ತೀರಿಕೊಂಡ. ನಡೆಯಬಲ್ಲವರಾದರೆ ಕೋಟೆಯ ಹಿಂಬದಿಯಿಂದ ಹೊರಟು ಶ್ಪಿಟ್ಸ್‌ಬರ್ಗ್ ಬೆಟ್ಟದ ಏಣಿನ ಮೇಲೆ, ಕಾಡು ಮತ್ತು ದ್ರಾಕ್ಷಿ ತೋಟಗಳ ನಡುವೆ, ವುರ್ಮ್‌ಲಿಂಗನ್‌ನ ಗುಡ್ಡದ ತುದಿಯ ಬಿಳಿ ಪ್ರಾರ್ಥನಾಮಂದಿರಕ್ಕೆ ಹೋಗಿ. ನಿಧಾನವಾಗಿ ಎರಡು ಗಂಟೆ. ದಾರಿಯಲ್ಲಿ ಅಂಗಡಿಯಿಲ್ಲ, ನೀರು ಒಯ್ಯಬೇಕು. ಹಿಂತಿರುಗಲು ಕೆಳಗಿನ ಹಳ್ಳಿಯಿಂದ ಬಸ್ ಸಿಗುತ್ತದೆ, ಭಾನುವಾರ ವಿರಳ. ವೇಳೆಯನ್ನು ಹಿಂದಿನ ರಾತ್ರಿಯೇ ಮೊಬೈಲಿನಲ್ಲಿ ನೋಡಿಟ್ಟುಕೊಳ್ಳಿ.